ಹಳೇ ಬೋಟಿಗೆ ಹೊಂದುವ ಎಂಜಿನ್ ಬ್ಲಾಕ್: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು 40 ಅಡಿಯ ಹಳೆಯ ಮರದ ಬೋಟು. ಎಂಜಿನ್ ಲೇಲ್ಯಾಂಡ್ 370, ಅದನ್ನೂ ಸೆಕೆಂಡ್ ಹ್ಯಾಂಡ್ ಆಗಿಯೇ ತೆಗೆದುಕೊಂಡದ್ದು. ಈ ಸಲ ಎಂಜಿನ್ ವಿಪರೀತ ಬಿಸಿಯಾಗಿ ಆಯಿಲಿಗೆ ನೀರು ಸೇರಿತು. ಬಿಚ್ಚಿ ನೋಡಿದರೆ ಮೂರನೇ ಮತ್ತು ನಾಲ್ಕನೇ ಸಿಲಿಂಡರಿನ ನಡುವೆ ಬಿರುಕು. ಹೊಸ ಬ್ಲಾಕ್ ಈಗ ಸಿಗುವುದಿಲ್ಲವಂತೆ. ಗುಜರಿಯವರೊಬ್ಬರ ಬಳಿ ಲಾರಿಯ 400 ಎಂಜಿನಿನ ಬ್ಲಾಕ್ ಇದೆ, "ಎರಡೂ ಒಂದೇ, ಹಾಗೇ ಕೂರುತ್ತದೆ" ಎನ್ನುತ್ತಾರೆ. ತರಬಹುದೇ? ಏನೇನು ನೋಡಬೇಕು?
— ಬೋಟ್ ಮಾಲಕರು, ಮಂಜೇಶ್ವರ

ಉತ್ತರ: ಖಾಲಿ ಬ್ಲಾಕ್ ಮಾತ್ರ ಕೊಡುವುದಾದರೆ ತರಬೇಡಿ. 370, 400 ಎಂಬುದು ಎಂಜಿನಿನ ಗಾತ್ರವನ್ನು ಘನ ಇಂಚಿನಲ್ಲಿ ಹೇಳುವ ಸಂಖ್ಯೆ. ಒಂದು ಘನ ಇಂಚು 16.39 ಸಿಸಿ. ಆ ಲೆಕ್ಕದಲ್ಲಿ 370 ಎಂದರೆ ಸುಮಾರು 6.06 ಲೀಟರ್, 400 ಎಂದರೆ ಸುಮಾರು 6.55 ಲೀಟರ್. 400ರ ಬೋರ್ (ಸಿಲಿಂಡರಿನ ಒಳವ್ಯಾಸ) 107.2 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 120.65 ಮಿ.ಮೀ. ನಿಮ್ಮ 370ರ ಪಿಸ್ಟನ್, ಲೈನರ್ (ಸಿಲಿಂಡರಿನೊಳಗೆ ಕೂರುವ ಕೊಳವೆ), ಹೆಡ್ ಗ್ಯಾಸ್ಕೆಟ್ ಇವು ಯಾವುವೂ ಆ ಬ್ಲಾಕಿಗೆ ಆಗುವುದಿಲ್ಲ. ಒಂದು ಬ್ಲಾಕಿನ ಹಣ ಕೊಟ್ಟು ತಂದು, ಆಮೇಲೆ ಒಂದೊಂದೇ ಭಾಗ ಹುಡುಕುತ್ತಾ ಹೋದರೆ ಸೀಸನ್ ಶುರುವಾದರೂ ಎಂಜಿನ್ ಕೂಡುವುದಿಲ್ಲ. 400ಕ್ಕೇ ಹೋಗುವ ಮನಸ್ಸಿದ್ದರೆ ಹಾಫ್ ಎಂಜಿನ್ ತನ್ನಿ: ಬ್ಲಾಕ್, ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಪಿಸ್ಟನ್, ಟೈಮಿಂಗ್ ಗೇರು. ಅದೇ ಎಂಜಿನಿನ ಹೆಡ್ ಕೂಡ ಸಿಕ್ಕರೆ ಬಿಡಬೇಡಿ. 370ಕ್ಕೆ 370ನ್ನೇ ಹಾಕುವುದಾದರೆ ಖಾಲಿ ಬ್ಲಾಕ್ ಸಾಕು. ನಮ್ಮ ಸಲಹೆಯೂ ಮೊದಲು ಅದನ್ನೇ ಹುಡುಕಿ ಎಂಬುದು.

ಹುಡುಕಲು ಹೊರಡುವ ಮುನ್ನ ನಿಮ್ಮ ಬಳಿ ಇರುವುದು ನಿಜವಾಗಿ ಯಾವ ಬ್ಲಾಕ್ ಎಂದು ಖಚಿತ ಮಾಡಿಕೊಳ್ಳಿ. ಕೈಯಿಂದ ಕೈಗೆ ಬಂದ ಬೋಟುಗಳಲ್ಲಿ ನಂಬರ್ ಪ್ಲೇಟ್ ಒಂದು ಎಂಜಿನಿನದು, ಬ್ಲಾಕ್ ಇನ್ನೊಂದರದು ಆಗಿರುವುದು ಅಪರೂಪವಲ್ಲ. ಬ್ಲಾಕಿನಲ್ಲಿ ಎರಡು ಬಗೆಯ ನಂಬರು ಇರುತ್ತದೆ. ಎರಕದಲ್ಲೇ ಉಬ್ಬಿ ಬಂದಿರುವುದು ಕಾಸ್ಟಿಂಗ್ ನಂಬರು. ಯಾವ ಅಚ್ಚಿನಲ್ಲಿ ಎರಕ ಹೊಯ್ದದ್ದು ಎಂಬುದು ಅದರಿಂದ ತಿಳಿಯುತ್ತದೆ. ಪಕ್ಕದಲ್ಲಿ ಸಮತಟ್ಟು ಮಾಡಿದ ಸಣ್ಣ ಜಾಗದಲ್ಲಿ ಪಂಚ್ ಹೊಡೆದಿರುವುದು ಎಂಜಿನ್ ನಂಬರು. ಆ ಎರಕದ ಮೇಲೆ ಫ್ಯಾಕ್ಟರಿಯಲ್ಲಿ ಯಾವ ಕೆಲಸ ಮಾಡಿದ್ದಾರೆ ಎಂದು ಹೇಳುವುದು ಅದು. ತಂತಿ ಬ್ರಷ್ಷಿನಿಂದ ಬಣ್ಣ ತೆಗೆದು ಎರಡನ್ನೂ ಫೋಟೋ ತೆಗೆದುಕೊಳ್ಳಿ. ಕಾಸ್ಟಿಂಗ್ ನಂಬರು ಒಂದೇ ಆದ ಮಾತ್ರಕ್ಕೆ ಬ್ಲಾಕ್ ಹೊಂದುತ್ತದೆ ಎಂದುಕೊಳ್ಳಬೇಡಿ, ಹೆಚ್ಚಿನವರು ಮೋಸಹೋಗುವುದು ಇಲ್ಲಿಯೇ. ಒಂದೇ ಎರಕದಲ್ಲಿ ಟರ್ಬೊ ಎಂಜಿನಿಗೆ ಪಿಸ್ಟನ್ನಿನ ಅಡಿಗೆ ಆಯಿಲ್ ಚಿಮ್ಮಿಸುವ ಜೆಟ್ಟಿನ ತೂತು ಕೊರೆದಿರುತ್ತಾರೆ, ಟರ್ಬೊ ಇಲ್ಲದ್ದಕ್ಕೆ ಕೊರೆದಿರುವುದಿಲ್ಲ. ಮೇನ್ ಬೇರಿಂಗಿನ ಅಳತೆ, ಹಿಂಬದಿಯ ಆಯಿಲ್ ಸೀಲಿನ ಬಗೆ, ಎಂಜಿನ್ ಕಾಲು ಕೂರುವ ಬೋಲ್ಟಿನ ಜಾಗ ಇವೆಲ್ಲ ವರ್ಷದಿಂದ ವರ್ಷಕ್ಕೆ ಬದಲಾಗಿರಬಹುದು.

ಹಾಗಾಗಿ ಹಳೇ ಬ್ಲಾಕನ್ನು ಗುಜರಿಗೆ ಹಾಕುವ ಮುನ್ನ ಅಳೆದು ಒಂದು ಹಾಳೆಯಲ್ಲಿ ಬರೆದಿಡಿ. ಮೊದಲನೆಯದು, ಲೈನರ್ ತೆಗೆದ ಮೇಲಿನ ಬರೀ ಬೋರ್. ಲೈನರ್ ಒಣ ಬಗೆಯದೋ ನೀರಿನ ಬಗೆಯದೋ ಎಂಬುದನ್ನೂ ಬರೆಯಿರಿ. ಹೊರಮೈಗೆ ನೀರು ತಾಗುವಂಥದ್ದಾದರೆ ಕೆಳಭಾಗದಲ್ಲಿ ರಬ್ಬರ್ ರಿಂಗು ಕೂರುವ ತೋಡು (ಗ್ರೂವ್) ಇರುತ್ತದೆ. ಎರಡನೆಯದು, ಮೇನ್ ಬೇರಿಂಗ್ ಕೂರುವ ಗೂಡಿನ ವ್ಯಾಸ, ಬೇರಿಂಗ್ ತೆಗೆದು ಕ್ಯಾಪ್ ಬಿಗಿದು ಅಳೆದದ್ದು. ಮೂರನೆಯದು, ಕ್ರ್ಯಾಂಕಿನ ಮಧ್ಯದಿಂದ ಹೆಡ್ ಕೂರುವ ಮೇಲ್ಮೈವರೆಗಿನ ಎತ್ತರ. ಈ ಎತ್ತರದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವಾದರೂ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯಬಹುದು, ಇಲ್ಲವೇ ಕಂಪ್ರೆಷನ್ ಕಡಿಮೆಯಾಗಿ ಬೆಳಗ್ಗೆ ಸ್ಟಾರ್ಟೇ ಆಗದಿರಬಹುದು. ಆಮೇಲೆ ಹೆಡ್ ಬೋಲ್ಟಿನ ಗಾತ್ರ ಮತ್ತು ತೂತುಗಳ ಅಂತರ, ಕ್ಯಾಮ್ ಬುಷ್, ಆಯಿಲ್ ಪಂಪಿನ ಜಾಗ. ಹೆಡ್ ಗ್ಯಾಸ್ಕೆಟನ್ನು ಜೊತೆಗೇ ಒಯ್ಯಿರಿ. ನೋಡಲು ಹೋದ ಬ್ಲಾಕಿನ ಮೇಲೆ ಅದನ್ನು ಹಾಸಿ: ಬೋರ್, ನೀರಿನ ದಾರಿ, ಆಯಿಲಿನ ದಾರಿ, ಪುಶ್ ರಾಡಿನ ತೂತು ಎಲ್ಲವೂ ಒಂದರ ಮೇಲೊಂದು ಬಂದರೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯಿತು.

ಬೋಟಿನವರು ಎಲ್ಲಕ್ಕಿಂತ ಹೆಚ್ಚು ಮರೆಯುವುದು ಹಿಂಬದಿಯನ್ನು. ಬ್ಲಾಕಿನ ಹಿಂದೆ ಫ್ಲೈವೀಲ್ ಹೌಸಿಂಗ್, ಅದರ ಹಿಂದೆ ಗೇರ್ ಬಾಕ್ಸ್. ಹೌಸಿಂಗಿನ ಅಳತೆಗೆ ವಾಹನ ಎಂಜಿನಿಯರುಗಳ ಸಂಘ ಗೊತ್ತು ಮಾಡಿದ ಎಸ್‌ಎಇ ಸಂಖ್ಯೆಗಳಿವೆ. ಎಸ್‌ಎಇ 1 ಆದರೆ ಬೋಲ್ಟುಗಳ ವೃತ್ತದ ವ್ಯಾಸ 530.2 ಮಿ.ಮೀ., ಎಸ್‌ಎಇ 2 ಆದರೆ 466.7, ಎಸ್‌ಎಇ 3 ಆದರೆ 428.6, ಮೂರರಲ್ಲೂ ಬೋಲ್ಟು 12. ಎದುರುಬದುರು ಎರಡು ಬೋಲ್ಟಿನ ಮಧ್ಯದಿಂದ ಮಧ್ಯಕ್ಕೆ ಟೇಪ್ ಹಿಡಿದರೂ ಯಾವುದೆಂದು ಗೊತ್ತಾಗುತ್ತದೆ. ಲಾರಿಯ ಬ್ಲಾಕಿನೊಂದಿಗೆ ಬರುವ ಹೌಸಿಂಗ್ ಲಾರಿಯ ಕ್ಲಚ್ಚಿಗೆ ಮಾಡಿದ್ದು, ನಿಮ್ಮ ಮೆರೈನ್ ಗೇರ್ ಬಾಕ್ಸಿಗೆ ಹೊಂದುವುದು ಕಷ್ಟ. ನಿಮ್ಮ ಹಳೇ ಹೌಸಿಂಗ್, ಫ್ಲೈವೀಲ್ ಎರಡೂ ಹೊಸ ಬ್ಲಾಕಿಗೂ ಕ್ರ್ಯಾಂಕಿಗೂ ಕೂರುತ್ತವೆಯೇ ಎಂದು ನೋಡಿದ ಮೇಲೆಯೇ ಮುಂಗಡ ಕೊಡಿ. ಹೌಸಿಂಗ್ ಕೂರಿಸಿದ ಮೇಲೆ ಕ್ರ್ಯಾಂಕಿಗೆ ಡಯಲ್ ಗೇಜ್ ಕಟ್ಟಿ ಒಂದು ಸುತ್ತು ತಿರುಗಿಸಿ ಹೌಸಿಂಗ್ ನಡುಮಧ್ಯ ಇದೆಯೇ ನೋಡಲೇಬೇಕು. ಬೇರೆ ಬ್ಲಾಕಿನಿಂದ ಬಂದ ಹೌಸಿಂಗ್ ಓರೆ ಕೂತರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗ್ ಬೇಗನೆ ಹೋಗುತ್ತದೆ, ಬೈಗುಳ ಮಾತ್ರ ಗೇರ್ ಬಾಕ್ಸ್ ಮಿಸ್ತ್ರಿಗೆ.

ಈಗ ಗುಜರಿಯಲ್ಲಿ ಬ್ಲಾಕ್ ನೋಡುವ ಕ್ರಮ. ಒಯ್ಯಬೇಕಾದ್ದು: ವರ್ನಿಯರ್, ಬೋರ್ ಡಯಲ್ ಗೇಜ್, ಎರಡಡಿಯ ನೇರಪಟ್ಟಿ, ಫೀಲರ್ ಗೇಜ್, ಟಾರ್ಚ್, ತಂತಿ ಬ್ರಷ್, ಒಂದು ಲೀಟರ್ ಸೀಮೆಎಣ್ಣೆ, ಸೀಮೆಸುಣ್ಣ. ಸಂಶಯ ಇರುವ ಕಡೆ ಉಜ್ಜಿ ಸೀಮೆಎಣ್ಣೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣ ತೇದು ಬಳಿಯಿರಿ. ಬಿರುಕು ಇದ್ದರೆ ಒಳಗೆ ಸೇರಿದ ಎಣ್ಣೆ ಸುಣ್ಣದ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಕೆಂಪು ಡೈ, ಬಿಳಿ ಡೆವಲಪರ್ ಸ್ಪ್ರೇ ಸಿಕ್ಕರೆ ಇನ್ನೂ ಸ್ಪಷ್ಟ. ನೋಡಬೇಕಾದ ಜಾಗಗಳು ಎರಡು ಬೋರಿನ ನಡುವಿನ ಸೇತುವೆ, ಹೆಡ್ ಬೋಲ್ಟಿನ ತೂತಿನ ಸುತ್ತ, ಲೈನರ್ ಕುಳಿತುಕೊಳ್ಳುವ ಮೇಲಿನ ಅಂಚು, ಮೇನ್ ಬೇರಿಂಗಿನ ಗೋಡೆ, ಕೋರ್ ಪ್ಲಗ್ಗಿನ (ಎರಕದ ತೂತು ಮುಚ್ಚುವ ಲೋಹದ ಬಿರಡೆ) ಸುತ್ತ. ಮೇನ್ ಬೇರಿಂಗಿನ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಬ್ಲಾಕನ್ನು ಅಲ್ಲೇ ಬಿಟ್ಟು ಬನ್ನಿ.

ನೀರಿನ ಲೈನರಿನ ಬ್ಲಾಕ್ ಆದರೆ ಕೆಳಗಡೆ ರಬ್ಬರ್ ರಿಂಗು ತಾಗುವ ಜಾಗಕ್ಕೆ ಬೆರಳು ಆಡಿಸಿ. ಅಲ್ಲಿ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಎಷ್ಟು ಒಳ್ಳೆಯ ರಿಂಗು ಹಾಕಿದರೂ ನೀರು ಆಯಿಲ್ ಚೇಂಬರಿಗೆ ಇಳಿಯುತ್ತದೆ. ಒಣ ಲೈನರ್ ಆದರೆ ಬೋರ್ ಸವೆದು ಲೈನರ್ ಸಡಿಲ ಕೂರುತ್ತದೆಯೇ ಎಂಬುದು ಮುಖ್ಯ. ಸಡಿಲ ಲೈನರ್ ಬಿಸಿಯನ್ನು ಬ್ಲಾಕಿಗೆ ದಾಟಿಸುವುದಿಲ್ಲ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೊರ ವ್ಯಾಸ ಹೆಚ್ಚಿರುವ ಓವರ್‌ಸೈಜ್ ಲೈನರ್ ಸಿಗುವುದಾದರೆ ಬೋರ್ ಮಾಡಿಸಿ ಹಾಕಬಹುದು. ಹಳೇ ಲೈನರ್ ಎಷ್ಟು ಸವೆದಿದೆ ಎಂದು ಚಿಂತಿಸಬೇಡಿ, ಅದು ಹೇಗೂ ಬದಲಾಗುವಂಥದ್ದು. ಮೇಲ್ಮೈ ಮೇಲೆ ನೇರಪಟ್ಟಿ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ತೂರಿಸಿ ನೋಡಿ. 150 ಮಿ.ಮೀ. ಅಂತರದಲ್ಲಿ 0.05, ಇಡೀ ಉದ್ದಕ್ಕೆ 0.10 ಮಿ.ಮೀ. ದಾಟಿದರೆ ಫೇಸಿಂಗ್ (ಮೇಲ್ಮೈ ಕೆತ್ತಿ ಸಮತಟ್ಟು ಮಾಡುವುದು) ಮಾಡಿಸಬೇಕು. ಫೇಸಿಂಗಿನಲ್ಲಿ ಲೋಹ ಹೋದಷ್ಟು ಪಿಸ್ಟನ್ ಮೇಲಕ್ಕೆ ಬರುತ್ತದೆಂಬ ಲೆಕ್ಕ ನೆನಪಿರಲಿ.

ಮೇನ್ ಬೇರಿಂಗ್ ಕ್ಯಾಪುಗಳ ಬಗ್ಗೆ ಒತ್ತಿ ಹೇಳಬೇಕು. ಕ್ಯಾಪ್ ಬಿಗಿದಿಟ್ಟೇ ಫ್ಯಾಕ್ಟರಿಯಲ್ಲಿ ಆ ತೂತುಗಳನ್ನು ಒಂದೇ ಸಾಲಿನಲ್ಲಿ ಕೊರೆಯುವುದು, ಹಾಗಾಗಿ ಆ ಬ್ಲಾಕಿನ ಕ್ಯಾಪ್ ಆ ಬ್ಲಾಕಿಗೆ ಮಾತ್ರ. ಕ್ಯಾಪಿನ ನಂಬರೂ ಬ್ಲಾಕಿನ ನಂಬರೂ ತಾಳೆಯಾಗಬೇಕು. ಒಂದೇ ಒಂದು ಕ್ಯಾಪ್ ಕಾಣೆಯಾಗಿದೆ ಎಂದು ನಿಮ್ಮ ಹಳೇ ಬ್ಲಾಕಿನದನ್ನು ಹಾಕಿದರೆ ಕ್ರ್ಯಾಂಕ್ ಅಲ್ಲಿ ಬಿಗಿಹಿಡಿದು ಬೇರಿಂಗ್ ಕರಗುತ್ತದೆ, ಕೊನೆಗೆ ಕ್ರ್ಯಾಂಕೇ ತುಂಡಾಗುತ್ತದೆ. ಹಾಗೆ ಮಾಡಲೇಬೇಕೆಂದಿದ್ದರೆ ತೂತುಗಳನ್ನೆಲ್ಲ ಒಂದೇ ಸಾಲಿಗೆ ಮತ್ತೆ ಕೊರೆಯುವ ಲೈನ್ ಬೋರಿಂಗ್ ಆಗಲೇಬೇಕು. ಆ ಖರ್ಚು ಸೇರಿಸಿ ನೋಡಿದರೆ ಆ ಬ್ಲಾಕ್ ಅಗ್ಗವೆನಿಸುವುದಿಲ್ಲ.

ಬೋಲ್ಟಿನ ಪಾಠವೂ ಚಿಕ್ಕದಲ್ಲ. ಹಳೇ ಬ್ರಿಟಿಷ್ ವಿನ್ಯಾಸದ ಎಂಜಿನುಗಳಲ್ಲಿ ಇಂಚಿನ ಮರೆ (ಥ್ರೆಡ್), ಈಚಿನವುಗಳಲ್ಲಿ ಮಿಲಿಮೀಟರಿನ ಮರೆ. 5/16 ಇಂಚು ಎಂದರೆ 7.94 ಮಿ.ಮೀ.; 8 ಮಿಲಿಮೀಟರಿನ ಬೋಲ್ಟನ್ನು ಅದರಲ್ಲಿ ಎರಡು ಸುತ್ತು ತಿರುಗಿಸಿದರೆ ಹೋಗುತ್ತದೆ, ಮೂರನೇ ಸುತ್ತಿಗೆ ಮರೆ ಕೀಳುತ್ತದೆ. ಅರ್ಧ ಇಂಚಿನ ತೂತಿಗೆ 12 ಮಿಲಿಮೀಟರಿನದು ಸಲೀಸಾಗಿ ಇಳಿಯುತ್ತದೆ, ಬಿಗಿ ಮಾಡುವಾಗ ಕಿತ್ತು ಬರುತ್ತದೆ. ಬೆರಳಿನಲ್ಲೇ ಪೂರ್ತಿ ಇಳಿಯದ ಬೋಲ್ಟಿಗೆ ಸ್ಪ್ಯಾನರ್ ಹಾಕಬೇಡಿ.

ಕಣ್ಣಿನ ಪರೀಕ್ಷೆಯಲ್ಲಿ ಪಾಸಾದ ಬ್ಲಾಕಿಗೂ ಪ್ರೆಶರ್ ಟೆಸ್ಟ್ ಬಿಡಬಾರದು. ನೀರಿನ ದಾರಿಗಳನ್ನೆಲ್ಲ ಪ್ಲೇಟು ರಬ್ಬರಿನಿಂದ ಮುಚ್ಚಿ, 70ರಿಂದ 80 ಡಿಗ್ರಿ ಬಿಸಿನೀರನ್ನು ಚದರ ಸೆಂ.ಮೀ.ಗೆ 2ರಿಂದ 3 ಕೆಜಿ ಒತ್ತಡದಲ್ಲಿ ಅರ್ಧ ಗಂಟೆ ನಿಲ್ಲಿಸಬೇಕು. ತಣ್ಣೀರಿನಲ್ಲಿ ಸೋರದ ಬಿರುಕು ಬಿಸಿಯಲ್ಲಿ ಬಾಯಿ ತೆರೆಯುತ್ತದೆ. "ಟೆಸ್ಟಿನಲ್ಲಿ ಸೋರಿದರೆ ವಾಪಸ್" ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ, ಬ್ಲಾಕಿನ ನಂಬರೂ ಬಿಲ್ಲಿನಲ್ಲಿರಲಿ. ನಂಬರಿನ ಜಾಗವನ್ನು ಗ್ರೈಂಡ್ ಮಾಡಿ ಅಳಿಸಿದ ಬ್ಲಾಕನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ. ಕದ್ದ ವಾಹನದ್ದಾಗಿದ್ದರೆ ಕೇಸು ನಿಮ್ಮ ಬಾಗಿಲಿಗೆ. ಬೋಟಿನ ರಿಜಿಸ್ಟ್ರೇಷನ್ನಿನಲ್ಲಿ ಎಂಜಿನ್ ವಿವರ ದಾಖಲಾಗಿರುತ್ತದೆ. ನಂಬರು ಬದಲಾದಾಗ ನಿಮ್ಮ ವ್ಯಾಪ್ತಿಯ ಮತ್ಸ್ಯಭವನದಲ್ಲಿ (ಮೀನುಗಾರಿಕೆ ಇಲಾಖೆಯ ಸ್ಥಳೀಯ ಕಚೇರಿ) ತಿಳಿಸಿ ತಿದ್ದಿಸಿಕೊಳ್ಳಿ. 370 ಹೋಗಿ 400 ಬಂದರೆ ಹಾರ್ಸ್‌ಪವರೂ ಬದಲಾಗುತ್ತದೆ, ಅದನ್ನು ಕೆಲಸಕ್ಕೆ ಕೈಹಾಕುವ ಮುನ್ನವೇ ಕೇಳಿ.

ದಿನಗಳ ಲೆಕ್ಕವೂ ಇದೆ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ 52 ದಿನ, ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ. ಎರಡೂ ಮುಗಿಯುವುದು ಜುಲೈ 31ಕ್ಕೆ. ಮಂಗಳೂರಿನಲ್ಲೋ ಮಲ್ಪೆಯಲ್ಲೋ ಬೋರಿಂಗ್ ಮಾಡಿಸುವವರಿಗೆ ಇದರಿಂದ ತೊಂದರೆ: ನಿಮ್ಮ ಬೋಟು ದಡ ಹತ್ತುವ ಹೊತ್ತಿಗೆ ಅಲ್ಲಿನ ಬೋಟಿನವರ ಕೆಲಸ ಒಂಬತ್ತು ದಿನ ಮೊದಲೇ ಸಾಲಿನಲ್ಲಿರುತ್ತದೆ. ಲೇತಿನವರ ಬಳಿ ಮೇ ತಿಂಗಳಲ್ಲೇ ದಿನ ಗೊತ್ತು ಮಾಡಿಕೊಳ್ಳಿ.

ಲಾರಿಯ ಬ್ಲಾಕನ್ನು ಬೋಟಿಗೆ ಇಳಿಸುವಾಗ ಅದರ ನೀರಿನ ದಾರಿಗೆ ಸಮುದ್ರದ ನೀರನ್ನು ನೇರ ಬಿಡಲೇಬಾರದು. ಒಳಗೆ ಸಿಹಿನೀರು, ಹೊರಗೆ ಹೀಟ್ ಎಕ್ಸ್‌ಚೇಂಜರ್ ಅಥವಾ ಕೀಲಿನ ಪಕ್ಕದ ಕೂಲಿಂಗ್ ಪೈಪು, ಈ ವ್ಯವಸ್ಥೆ ಬೇಕು. ಸ್ಟೀಲಿನ ಕೋರ್ ಪ್ಲಗ್ ಕಿತ್ತು ಹಿತ್ತಾಳೆಯದು ಹಾಕಿ, ಬ್ಲಾಕ್ ಹೊರಗಿರುವಾಗ ಅದು ಅರ್ಧ ಗಂಟೆಯ ಕೆಲಸ. ಬೋಟಿನೊಳಗೆ ಕೂತ ಮೇಲೆ ಹಿಂದಿನ ಪ್ಲಗ್ಗಿಗೆ ಕೈಯೇ ಹೋಗುವುದಿಲ್ಲ. ಕೂಲಂಟನ್ನು ಡಿಸ್ಟಿಲ್ಡ್ ನೀರಿನಲ್ಲಿ ಕಲಸಿ. ಕಡಲ ಬದಿಯ ಬಾವಿಯ ನೀರಿನಲ್ಲಿ ಉಪ್ಪು ಇರುತ್ತದೆ, ಬೇಡ. ಆಯಿಲ್ ದಾರಿಯ ಪ್ಲಗ್ಗುಗಳನ್ನೆಲ್ಲ ತೆಗೆದು ಉದ್ದ ಬ್ರಷ್ ಹಾಕಿ ಉಜ್ಜಿ, ಬಿಸಿನೀರು ಸೋಪಿನಲ್ಲಿ ತೊಳೆದು, ಗಾಳಿ ಹೊಡೆದು, ಕೂಡಲೇ ಎಣ್ಣೆ ಸವರಿ. ಬೋರಿಂಗಿನ ಪುಡಿ ಆ ದಾರಿಯಲ್ಲಿ ಉಳಿದರೆ ಹೊಸ ಬೇರಿಂಗಿಗೆ ಮೊದಲ ಗಂಟೆಯಲ್ಲೇ ಗೀರು ಬೀಳುತ್ತದೆ. ಬೇರಿಂಗಿನ ಸಂದು ನೋಡಲು ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಸಂದಿನ ಅಳತೆ ತೋರಿಸುವ ಪ್ಲಾಸ್ಟಿಕ್ ಎಳೆ) ಬಳಸಿ: ಕಂಪನಿಯ ಅಳತೆ ಕೈಗೆ ಸಿಗದಿದ್ದರೆ 75 ಮಿ.ಮೀ. ಜರ್ನಲಿಗೆ (ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ಭಾಗ) 0.075 ಮಿ.ಮೀ. ಆಸುಪಾಸು ಎಂಬುದು ಅಂದಾಜಿನ ಲೆಕ್ಕ.

ಎಂಜಿನ್ ಕೂರಿಸಿದ ಮೇಲೆ ಶಾಫ್ಟಿನ ಅಲೈನ್‌ಮೆಂಟನ್ನು ಬೋಟು ನೀರಿಗಿಳಿದು ಒಂದು ದಿನ ಕಳೆದ ಮೇಲೆಯೇ ಕೊನೆಯದಾಗಿ ಮಾಡಬೇಕು, ಮರದ ಬೋಟು ದಡದಲ್ಲಿ ಒಂದು ಆಕಾರ, ನೀರಿನಲ್ಲಿ ಇನ್ನೊಂದು. 150 ಮಿ.ಮೀ. ಫ್ಲಾಂಜಿಗೆ ಸುತ್ತಲೂ ಸಂದಿನ ವ್ಯತ್ಯಾಸ 0.15 ಮಿ.ಮೀ. ಮೀರಬಾರದು. ಮೊದಲ ಸ್ಟಾರ್ಟಿಗೆ ಮುನ್ನ ಡೀಸೆಲ್ ಬಂದ್ ಮಾಡಿ, ಆಯಿಲ್ ಪ್ರೆಶರ್ ಏರುವವರೆಗೆ ಕ್ರ್ಯಾಂಕ್ ತಿರುಗಿಸಿ. ಮೊದಲ 20–25 ಗಂಟೆ ಪೂರ್ತಿ ಲೋಡ್ ಬೇಡ. ಹಾಗೆಂದು ಜೆಟ್ಟಿಯಲ್ಲಿ ಕಟ್ಟಿಹಾಕಿ ಗಂಟೆಗಟ್ಟಲೆ ಸ್ಲೋದಲ್ಲೂ ಬಿಡಬೇಡಿ, ಲೈನರ್ ಗಾಜಿನಂತೆ ನಯವಾಗಿ ಆಯಿಲ್ ಕುಡಿಯಲು ಶುರುಮಾಡುತ್ತದೆ. 50 ಗಂಟೆಗೆ ಆಯಿಲ್, ಫಿಲ್ಟರ್ ಬದಲಿಸಿ.

ಹಳೇ ಬ್ಲಾಕ್ ಯಾಕೆ ಬಿರಿಯಿತು ಎಂದು ತಿಳಿಯದೆ ಹೊಸತನ್ನು ಸ್ಟಾರ್ಟ್ ಮಾಡಬೇಡಿ. ಸಮುದ್ರದ ನೀರಿನ ಪಂಪ್ ಬಿಚ್ಚಿ: ಇಂಪೆಲ್ಲರಿನ ರಬ್ಬರ್ ಎಸಳು ಮುರಿದಿದ್ದರೆ ಆ ತುಂಡುಗಳು ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲಿ ಸಿಕ್ಕಿರುತ್ತವೆ, ಹುಡುಕಿ ತೆಗೆಯಬೇಕು. ಮಳೆಗಾಲದ ನಂತರ ಅಳಿವೆಯಲ್ಲಿ ಓಡಾಡುವಾಗ ಕೆಸರು, ಪ್ಲಾಸ್ಟಿಕ್ ಸ್ಟ್ರೈನರಿಗೆ ಅಂಟುತ್ತದೆ. ಬಿಸಿಯೇರಿದ ಎಂಜಿನಿಗೆ ಯಾರಾದರೂ ತಣ್ಣೀರು ಸುರಿದಿದ್ದರೇ ಎಂದು ಬೋಟಿನವರನ್ನು ಬೈಯದೆ ಕೇಳಿ. ಎರಡು ಸಿಲಿಂಡರಿನ ನಡುವೆ ಎರಕ ಬಿರಿಯಲು ಅಷ್ಟೇ ಸಾಕು.

ಪ್ರಶ್ನೆ: ಬಿರಿದ ಬ್ಲಾಕನ್ನೇ ವೆಲ್ಡ್ ಮಾಡಿಸಿದರೆ ಆಗದೇ? ಎಪಾಕ್ಸಿ ಹಾಕಿದರೂ ಸಾಕೆಂದು ಕೆಲವರು ಹೇಳುತ್ತಾರೆ.
— ಓದುಗರು, ಕಾಸರಗೋಡು ಕಸಬ

ಉತ್ತರ: ಬಿರುಕು ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ನೀರಿನ ಜಾಕೆಟಿನ ಹೊರಗೋಡೆಯಾದರೆ ಸ್ಟಿಚಿಂಗ್ ಒಳ್ಳೆಯ ದಾರಿ: ಬಿರುಕಿನ ಎರಡೂ ತುದಿಗೆ ತೂತು ಕೊರೆದು ಅದು ಮುಂದೆ ಓಡದಂತೆ ನಿಲ್ಲಿಸಿ, ಅಡ್ಡಲಾಗಿ ಲೋಹದ ಬೀಗ ಕೂರಿಸಿ, ಉದ್ದಕ್ಕೂ ಒಂದಕ್ಕೊಂದು ತಾಗುವಂತೆ ಸ್ಕ್ರೂ ಹಾಕುವುದು. ಬಿಸಿ ಮಾಡುವುದಿಲ್ಲವಾದ್ದರಿಂದ ಬ್ಲಾಕ್ ಸೊಟ್ಟಗಾಗುವುದಿಲ್ಲ. ವೆಲ್ಡಿಂಗ್ ಆದರೆ ನಿಕ್ಕೆಲ್ ರಾಡ್ ಬೇಕು, ಇಡೀ ಬ್ಲಾಕನ್ನು ಮೊದಲೇ ಬಿಸಿ ಮಾಡಿ ಆಮೇಲೆ ನಿಧಾನ ತಣಿಸಬೇಕು. ಬೋಟಿನೊಳಗೇ ಮಾಮೂಲಿ ರಾಡಿನಲ್ಲಿ ಎಳೆದರೆ ವೆಲ್ಡಿನ ಪಕ್ಕದಲ್ಲೇ ಹೊಸ ಬಿರುಕು. ಎಪಾಕ್ಸಿ ದಡಕ್ಕೆ ಬಂದು ಸೇರಲು ಮಾತ್ರ. ಬೋರಿನ ನಡುವೆ, ಲೈನರಿನ ಅಂಚಿನಲ್ಲಿ, ಮೇನ್ ಬೇರಿಂಗಿನ ಗೋಡೆಯಲ್ಲಿ ಬಿರಿದ ಬ್ಲಾಕನ್ನು ನಂಬಿ ಅಳಿವೆ ದಾಟಬೇಡಿ. ತೆರೆ ಏಳುವ ಜಾಗದಲ್ಲಿ ಎಂಜಿನ್ ನಿಂತರೆ ಕಷ್ಟಕ್ಕೆ ಸಿಲುಕುವುದು ಬೋಟಿನಲ್ಲಿರುವ ಅಷ್ಟೂ ಜನ.

ಪ್ರಶ್ನೆ: ಹಿನ್ನೀರಿನಲ್ಲಿ ಓಡಿಸುವ ನಮ್ಮ ಸಣ್ಣ ಬೋಟಿಗೆ ಪರ್ಕಿನ್ಸ್ 4.108 ಎಂಜಿನ್ ಇದೆ. 4.107 ಬ್ಲಾಕ್ ಒಂದು ಸಿಕ್ಕಿದೆ. ಬೋರ್, ಸ್ಟ್ರೋಕ್ ಎರಡೂ ಒಂದೇ ಎಂದು ಗೊತ್ತಾಯಿತು. ಹಾಕಬಹುದೇ?
— ಓದುಗರು, ನೀಲೇಶ್ವರ

ಉತ್ತರ: ಬೋರ್ 79.4, ಸ್ಟ್ರೋಕ್ 88.9 ಮಿ.ಮೀ., ಎರಡರಲ್ಲೂ ಒಂದೇ ಎಂಬುದು ಸರಿ. ಪರ್ಕಿನ್ಸಿನ ಹೆಸರಿನಲ್ಲಿ ಚುಕ್ಕೆಗೆ ಮೊದಲಿನದು ಸಿಲಿಂಡರಿನ ಸಂಖ್ಯೆ, ಆಮೇಲಿನದು ಘನ ಇಂಚಿನಲ್ಲಿ ಅಂದಾಜು ಗಾತ್ರ. ಆದರೆ 4.107ರಲ್ಲಿ ನೀರಿನ ಲೈನರ್, 4.108ರಲ್ಲಿ ಒಣ ಲೈನರ್. ಹಾಗಾಗಿ ಲೈನರು, ಗ್ಯಾಸ್ಕೆಟು ನಿಮ್ಮ ಎಂಜಿನಿನವು ಅದಕ್ಕೆ ಬರುವುದಿಲ್ಲ. 4.107ರ ಲೈನರಿನ ಕೆಳಗಿನ ರಿಂಗಿನಿಂದ ನೀರು ಆಯಿಲಿಗೆ ಇಳಿಯುವ ತೊಂದರೆಯೂ ಇದೆ. 4.108 ಬ್ಲಾಕಿಗೇ ಕಾಯಿರಿ. ಸಿಕ್ಕಾಗ ಹಿಂಬದಿಯ ಹಗ್ಗದ ಸೀಲನ್ನು ಹೊಸತು ಹಾಕಿ. ಎರಡೂ ಅರ್ಧಗಳ ತೋಡಿನಲ್ಲಿ ಹಗ್ಗವನ್ನು ದುಂಡನೆಯ ಕಬ್ಬಿಣದಿಂದ ಒತ್ತಿ ಸಮ ಕೂರಿಸಿ, ತುದಿಗಳನ್ನು ತೀರಾ ಒತ್ತಾಗಿ ಕತ್ತರಿಸದೆ ಕೂದಲಷ್ಟು ಮೇಲೆ ಬಿಡಬೇಕು. ಈ ಎಂಜಿನಿನ ಅಡಿಯಲ್ಲಿ ಆಯಿಲ್ ಸೋರುವ ದೂರು ಬಹುಪಾಲು ಅಲ್ಲಿಂದಲೇ.

ಪ್ರಶ್ನೆ: ನಾಡದೋಣಿಯ 40 ಎಚ್‌ಪಿ ಯಮಾಹಾ ಎಂಜಿನಿನ ಒಂದು ಸಿಲಿಂಡರ್ ಗೀರು ಬಿದ್ದು ಹಿಡಿದುಕೊಂಡಿದೆ. ಹಳೇ ಎಂಜಿನಿನ ಬ್ಲಾಕ್ ಹಾಕಿದರೆ ಆಗುತ್ತದೆಯೇ?
— ಓದುಗರು, ಕುಂಬಳೆ

ಉತ್ತರ: ಮೊದಲು ಬ್ರಾಕೆಟಿನ ಮೇಲಿರುವ ಮಾದರಿಯ ಹೆಸರು ಓದಿ. 40 ಎಚ್‌ಪಿ ಎಂಬುದೊಂದೇ ಸಾಲದು, ಆ ಶಕ್ತಿಯಲ್ಲಿ ಹಲವು ಮಾದರಿ ಬಂದಿವೆ. ಯಮಾಹಾದ ಪಾರ್ಟ್ ನಂಬರಿನ ಮೊದಲ ಮೂರು ಅಕ್ಷರ ಮಾದರಿಯ ಗುರುತು. ಎಂಡ್ಯೂರೊ ಇ40ಎಕ್ಸ್ ಆದರೆ 66ಟಿ. ಗೀರು ಆಳವಿಲ್ಲದಿದ್ದರೆ ಬ್ಲಾಕ್ ಬದಲಿಸುವ ಅಗತ್ಯವೇ ಇಲ್ಲ, ಬೋರ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿಸಿ. ಪಿಸ್ಟನ್ ಕೈಗೆ ಬಂದ ಮೇಲೆ ಅದನ್ನು ಅಳೆದೇ ಬೋರ್ ಮಾಡಿಸಬೇಕು. ಬ್ಲಾಕೇ ತರುವುದಾದರೆ ಸಿಲಿಂಡರ್ ಭಾಗ ಮತ್ತು ಕ್ರ್ಯಾಂಕ್ ಕೇಸ್ ಭಾಗ ಜೋಡಿಯಾಗಿಯೇ ಇರಲಿ, ಎರಡನ್ನೂ ಸೇರಿಸಿಯೇ ಬೇರಿಂಗಿನ ತೂತು ಕೊರೆದಿರುತ್ತಾರೆ. ಆ ಎರಡರ ನಡುವೆ ಕಾಗದದ ಗ್ಯಾಸ್ಕೆಟ್ ಕತ್ತರಿಸಿ ಹಾಕಿದರೆ ತೂತು ಮೊಟ್ಟೆಯಾಕಾರವಾಗುತ್ತದೆ. ಅಂಟು ಸೀಲಂಟನ್ನೇ ತೆಳುವಾಗಿ ಸವರಬೇಕು. ಅಲ್ಯೂಮಿನಿಯಂ ಆದ್ದರಿಂದ ನೀರಿನ ಮುಚ್ಚಳ ತೆಗೆದು ಉಪ್ಪು ತಿಂದ ಜಾಗ ನೋಡಿ, ಮೊಳೆಯಿಂದ ಗೀಚಿದಾಗ ಬಿಳಿ ಪುಡಿ ಉದುರಿ ಗುಳಿಯಾದರೆ ಬೇಡ. ಸಿಲಿಂಡರಿಗೊಂದು ಕಾರ್ಬುರೇಟರ್ ಇರುವ ಮಾದರಿಯಾದರೆ, ಒಂದೇ ಸಿಲಿಂಡರ್ ಹಿಡಿದದ್ದರಿಂದ ಆ ಕಡೆಯ ಕಾರ್ಬುರೇಟರಿನ ಜೆಟ್ ಕಟ್ಟಿರುವ ಸಂಶಯ ಮೊದಲು ಬರುತ್ತದೆ. ಇಂಧನ ಕಡಿಮೆಯಾದಾಗ ಟೂ ಸ್ಟ್ರೋಕ್ ಎಂಜಿನಿಗೆ ಆಯಿಲೂ ಕಡಿಮೆ ಸಿಗುತ್ತದೆ. ಜೆಟ್, ಥರ್ಮೋಸ್ಟಾಟ್, ನೀರಿನ ಇಂಪೆಲ್ಲರ್ ಮೂರನ್ನೂ ನೋಡಿದ ಮೇಲೆಯೇ ಹೊಸ ಬ್ಲಾಕಿಗೆ ಹಗ್ಗ ಎಳೆಯಿರಿ.